ಕಡತ ಯಾರದು, ಕೇಳುತ್ತಿರುವವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಸಿರುಗುಪ್ಪದಲ್ಲಿ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಓದಿದೆ, ಬಳ್ಳಾರಿಯಲ್ಲಿ ಬಿಇ ಮಾಡಿದೆ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಜನರ ಖಾಸಗಿ ಕಡತಗಳನ್ನು ಕ್ಲೌಡ್‌ನಲ್ಲಿಟ್ಟು, ಅವುಗಳನ್ನು ವೆಬ್ ಅಪ್ಲಿಕೇಶನ್ ಮೂಲಕ ಸರಿಯಾದವರ ಕೈಗೆ ಮಾತ್ರ ಸೇರುವಂತೆ ಮಾಡುವುದು ನನ್ನ ದಿನನಿತ್ಯದ ಕೆಲಸ. ಸಂಘದ ಹಿರಿಯರು ಫೋನ್ ಮಾಡಿ, "ಶಾಲೆಯ ಐವತ್ತು ವರ್ಷದ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ಗೆ ಹಾಕಬೇಕೆಂದಿದ್ದೇವೆ. ಹಳೆಯ ವಿದ್ಯಾರ್ಥಿಗಳು ಎಲ್ಲಿದ್ದರೂ ತಮ್ಮ ದಾಖಲೆ ನೋಡಿಕೊಳ್ಳಲಿ. ಇದು ನಿನ್ನದೇ ಕೆಲಸವಲ್ಲವೇ, ಹೇಗೆ ಮಾಡಬೇಕು ಬಂದು ಹೇಳು" ಎಂದರು. ಆ ಪ್ರಶ್ನೆಗೆ ಉತ್ತರವೇ ಇಂದಿನ ನನ್ನ ಮಾತು.

ಯೋಜನೆ ಒಳ್ಳೆಯದು. ಪ್ರವೇಶ ದಾಖಲಾತಿ ಪುಸ್ತಕಗಳ ಅಂಚು ಪುಡಿಯಾಗುತ್ತಿದೆ, ಕೆಲವು ಪುಟಗಳಿಗೆ ಗೆದ್ದಲು ಹಿಡಿದಿದೆ. ಸ್ಕ್ಯಾನ್ ಮಾಡದಿದ್ದರೆ ಇನ್ನು ಹತ್ತು ವರ್ಷಕ್ಕೆ ಓದಲು ಸಿಗಲಾರವು. ಟಿಸಿ ಕಳೆದುಕೊಂಡವರು, ಜನ್ಮ ದಿನಾಂಕದ ದಾಖಲೆ ಬೇಕಾದವರು ಬೆಂಗಳೂರಿನಿಂದ, ಹೈದರಾಬಾದಿನಿಂದ ಒಂದು ದಿನದ ಕೂಲಿ ಬಿಟ್ಟು ಬರುವುದನ್ನು ನಮ್ಮ ಗುಮಾಸ್ತರು ನೋಡುತ್ತಲೇ ಇದ್ದಾರೆ. ಆದ್ದರಿಂದ ಮಾಡಬೇಕೋ ಬೇಡವೋ ಎಂಬ ಚರ್ಚೆಗೆ ಹೋಗುವುದಿಲ್ಲ. ಯಾವುದನ್ನು, ಯಾರಿಗೆ, ಹೇಗೆ ತೋರಿಸಬೇಕು ಎನ್ನುವುದನ್ನಷ್ಟೇ ಹೇಳುತ್ತೇನೆ.

ಶಾಸನ ಮತ್ತು ದಾಖಲಾತಿ ಪುಸ್ತಕ

ನಮ್ಮ ಸೀಮೆಯಲ್ಲಿ ದಾಖಲೆಗಳಿಗೆ ಬರವಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೊಳದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನವು. ಕುರುಗೋಡಿನಲ್ಲಿ ಸಿಂದರ ಕಾಲದ ಶಾಸನಗಳಿವೆ. ದಾರಿಯಲ್ಲಿ ಹೋಗುವವರೆಲ್ಲ ಓದಲಿ ಎಂದೇ ಅವುಗಳನ್ನು ಕಲ್ಲಿನಲ್ಲಿ ಕೊರೆಸಿದ್ದು. ಸಾರ್ವಜನಿಕ ದಾಖಲೆ ಎಂದರೆ ಅದು. ನಮ್ಮ ಶಾಲೆಯ ವಾರ್ಷಿಕೋತ್ಸವದ ಫೋಟೊ, ಕಟ್ಟಡದ ಶಂಕುಸ್ಥಾಪನೆಯ ಪತ್ರ, ಹಳೆಯ ಸಂಚಿಕೆಗಳು ಈ ಜಾತಿಗೆ ಸೇರಿದವು.

ಪ್ರವೇಶ ದಾಖಲಾತಿ ಪುಸ್ತಕ ಹಾಗಲ್ಲ. ಒಂದು ಪುಟ ತೆರೆದು ಕಾಲಂಗಳನ್ನು ಓದಿ ನೋಡಿ: ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ಜನ್ಮ ದಿನಾಂಕ, ಹಿಂದಿನ ಶಾಲೆ, ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣ. ಹೆಸರು, ತಾಯಿಯ ಹೆಸರು ಮತ್ತು ಜನ್ಮ ದಿನಾಂಕ ಒಟ್ಟಿಗೆ ಸಿಕ್ಕರೆ ಮೋಸಗಾರನಿಗೆ ಅರ್ಧ ಕೆಲಸ ಮುಗಿದಂತೆ. ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ ಎಂದು ಫೋನ್ ಮಾಡಿ, ಈ ಮೂರನ್ನೂ ತಾನೇ ಹೇಳಿದರೆ ನಂಬದವರು ಯಾರು?

ಹಣದ ಮಾತನ್ನು ಬದಿಗಿಡೋಣ. ಅದಕ್ಕಿಂತ ದೊಡ್ಡದು ಮಾನದ ಮಾತು. ದೇವದಾಸಿ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಆದರೆ ಆ ತಾಯಂದಿರ ಮಕ್ಕಳು ಶಾಲೆಗೆ ಸೇರುವಾಗ 'ತಂದೆಯ ಹೆಸರು' ಎಂಬ ಕಾಲಂ ಎದುರು ನಿಂತು ತಲೆ ತಗ್ಗಿಸಿದ್ದನ್ನು ಬಳ್ಳಾರಿ ಸೀಮೆಯ ಗುರುಗಳು ಬಲ್ಲರು. ಅಂಥ ಮಕ್ಕಳಲ್ಲಿ ಇಂದು ಶಿಕ್ಷಕಿಯರಿದ್ದಾರೆ, ನರ್ಸ್‌ಗಳಿದ್ದಾರೆ, ಸರ್ಕಾರಿ ನೌಕರರಿದ್ದಾರೆ. ಅವರ ಮಕ್ಕಳಿಗೆ ಮದುವೆಯ ಮಾತುಕತೆ ನಡೆಯುತ್ತಿರುತ್ತದೆ. ಆ ಹೊತ್ತಿಗೆ ಯಾರೋ ಕುತೂಹಲಕ್ಕೆ ಶಾಲೆಯ ಜಾಲತಾಣ ತೆರೆದು, ನಲವತ್ತು ವರ್ಷದ ಹಿಂದಿನ ಒಂದು ಖಾಲಿ ಕಾಲಂ ನೋಡಿದರೆ ಏನಾದೀತು, ಯೋಚಿಸಿ. ಜಾತಿಯ ಕಾಲಂ, 'ಮದುವೆಯಾದ್ದರಿಂದ ಬಿಟ್ಟಳು' ಎಂಬ ಕಾರಣ, ಮೂರು ಸಲ ನಪಾಸಾದ ಷರಾ, ಇವೂ ಹಾಗೆಯೇ. ನಮಗೆ ಅದು ಹಳೆಯ ಕಾಗದ. ಅವರಿಗೆ ಅದು ಇಂದಿನ ಬದುಕು.

ಕಾಗದದಲ್ಲಿದ್ದಾಗ ಈ ಪುಸ್ತಕಕ್ಕೆ ಒಂದು ಕಾವಲಿತ್ತು. ಅದು ಮುಖ್ಯ ಗುರುಗಳ ಕೊಠಡಿಯ ಬೀರುವಿನಲ್ಲಿತ್ತು, ನೋಡಬೇಕಾದವರು ಅರ್ಜಿ ಕೊಡಬೇಕಿತ್ತು. ಕ್ಲೌಡ್‌ಗೆ ಹೋದಾಗ ಆ ಕಾವಲು ತಾನಾಗಿ ಜೊತೆಗೆ ಹೋಗುವುದಿಲ್ಲ. ಅದನ್ನು ನಾವೇ ಮತ್ತೆ ಕಟ್ಟಬೇಕು.

ಕ್ಲೌಡ್ ಎಂದರೆ ರೆಕಾರ್ಡ್ ರೂಮು

ಕ್ಲೌಡ್ ಎಂದರೆ ಬೇರೆಯವರ ದೊಡ್ಡ ಕಟ್ಟಡದಲ್ಲಿರುವ ಕಂಪ್ಯೂಟರ್‌ಗಳಲ್ಲಿ ನಾವು ಬಾಡಿಗೆಗೆ ಪಡೆದ ಜಾಗ. ಅಮೆಜಾನ್ ಕಂಪನಿ 2006ರ ಮಾರ್ಚ್‌ನಲ್ಲಿ ಎಸ್3 ಎಂಬ ಕಡತ ಸಂಗ್ರಹ ಸೇವೆ ಆರಂಭಿಸಿತು. ಗೂಗಲ್, ಮೈಕ್ರೋಸಾಫ್ಟ್ ಕೂಡ ಇಂಥದ್ದೇ ಸೇವೆ ಕೊಡುತ್ತವೆ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕೇಂದ್ರಗಳನ್ನು ತೆರೆದಿದೆ. ಹಾಗಾಗಿ ನಮ್ಮ ಕಡತ ದೇಶದೊಳಗೇ ಇರುವಂತೆ ನೋಡಿಕೊಳ್ಳಬಹುದು. ಈ ಸೇವೆಯಲ್ಲಿ ಕಡತ ತುಂಬಿಡುವ ಪಾತ್ರೆಗೆ 'ಬಕೆಟ್' ಎಂದೇ ಹೆಸರು. ನೀರು ತುಂಬುವ ಬಕೆಟ್ಟೇ, ನಗಬೇಡಿ.

ಖರ್ಚಿನ ಬಗ್ಗೆ ಹೆದರಬೇಕಿಲ್ಲ. ವರ್ಷಕ್ಕೆ ನೂರು ಮಕ್ಕಳೆಂದರೂ ಐವತ್ತು ವರ್ಷಕ್ಕೆ ಐದು ಸಾವಿರ ನಮೂದುಗಳು. ಒಂದೊಂದಕ್ಕೆ ಒಂದು ಎಂಬಿ ಎಂದರೂ ಐದು ಜಿಬಿ. ಅದನ್ನು ಇಡುವ ಬಾಡಿಗೆ ತಿಂಗಳಿಗೆ ಒಂದೆರಡು ಚಹಾದ ದುಡ್ಡು. ದುಡ್ಡಿಗಿಂತ ಹೆಚ್ಚು ಬೇಕಾದದ್ದು ಎಚ್ಚರ.

ಈಗ ತಾಲ್ಲೂಕು ಕಚೇರಿಯನ್ನು ನೆನಪಿಸಿಕೊಳ್ಳಿ. ಕುರುಗೋಡು ತಾಲ್ಲೂಕಾಗಿ ಹೆಚ್ಚು ವರ್ಷವಾಗಿಲ್ಲ. ಹೊಸ ಕಚೇರಿಯಾದರೂ ಕ್ರಮ ಹಳೆಯದೇ. ಒಳಗೆ ರೆಕಾರ್ಡ್ ರೂಮು, ಹೊರಗೆ ಕೌಂಟರ್. ನಾವು ಯಾರೂ ರೆಕಾರ್ಡ್ ರೂಮಿನೊಳಗೆ ನುಗ್ಗುವುದಿಲ್ಲ. ಕೌಂಟರಿನಲ್ಲಿ ಅರ್ಜಿ ಕೊಡುತ್ತೇವೆ. ಅಲ್ಲಿ ಕುಳಿತವರು ಅರ್ಜಿದಾರ ಯಾರು, ಈ ದಾಖಲೆ ಇವರಿಗೆ ಕೊಡತಕ್ಕದ್ದೇ ಎಂದು ನೋಡಿ, ಒಳಗಿನಿಂದ ತರಿಸಿ, ನಕಲು ಕೊಟ್ಟು, ವಹಿಯಲ್ಲಿ ಬರೆದುಕೊಳ್ಳುತ್ತಾರೆ.

ಬಕೆಟ್ ಎನ್ನುವುದು ರೆಕಾರ್ಡ್ ರೂಮು. ವೆಬ್ ಅಪ್ಲಿಕೇಶನ್ ಎನ್ನುವುದು ಕೌಂಟರ್. ಇಡೀ ಭದ್ರತೆಯ ಗುಟ್ಟು ಇಷ್ಟೇ: ಜನ ಕೌಂಟರಿಗೆ ಬರಬೇಕು, ರೆಕಾರ್ಡ್ ರೂಮಿಗೆ ನೇರ ದಾರಿ ಇರಬಾರದು. ಕೌಂಟರಿನಲ್ಲಿ ಪ್ರತಿ ಬಾರಿಯೂ ಎರಡು ಪ್ರಶ್ನೆ ಕೇಳಬೇಕು. ಕೇಳುತ್ತಿರುವವರು ಯಾರು? ಈ ಕಡತ ಇವರಿಗೆ ಸೇರಿದ್ದೇ?

ಎಡವುವ ಮೂರು ಜಾಗಗಳು

ಮೊದಲನೆಯದು, ರೆಕಾರ್ಡ್ ರೂಮಿನ ಬಾಗಿಲನ್ನೇ ತೆರೆದಿಡುವುದು. ಬಕೆಟ್ಟನ್ನು 'ಸಾರ್ವಜನಿಕ' ಎಂದು ಗುರುತು ಮಾಡಿದರೆ ಜಾಲತಾಣ ಕಟ್ಟುವವನ ಕೆಲಸ ಸುಲಭ. ಫೋಟೊ ತಕ್ಷಣ ಕಾಣುತ್ತದೆ, ಯಾವ ತಕರಾರೂ ಬರುವುದಿಲ್ಲ. 2020ರಲ್ಲಿ ವಿಪಿಎನ್‌ಮೆಂಟರ್ ಎಂಬ ತಂಡದ ಸಂಶೋಧಕರು ಇಂಥ ಒಂದು ತೆರೆದ ಎಸ್3 ಬಕೆಟ್ ಪತ್ತೆ ಮಾಡಿದರು. ಭೀಮ್ ಆ್ಯಪ್‌ಗೆ ಜನರನ್ನು, ಅಂಗಡಿಯವರನ್ನು ಸೇರಿಸುವ ಅಭಿಯಾನಕ್ಕಾಗಿ ಮಾಡಿದ್ದ ಒಂದು ಜಾಲತಾಣಕ್ಕೆ ಅದು ಸಂಬಂಧಿಸಿತ್ತು. ಸುಮಾರು 72 ಲಕ್ಷ ದಾಖಲೆಗಳು, 409 ಜಿಬಿ ಎಂದು ಅವರ ವರದಿ ಹೇಳಿತು. ಆಧಾರ್ ಕಾರ್ಡ್, ಜಾತಿ ಪ್ರಮಾಣಪತ್ರ, ಪದವಿ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು ಅದರಲ್ಲಿದ್ದವು. ಭೀಮ್ ಆ್ಯಪ್‌ನ ದತ್ತಾಂಶಕ್ಕೆ ಧಕ್ಕೆಯಾಗಿಲ್ಲ ಎಂದು ಎನ್‌ಪಿಸಿಐ ಹೇಳಿತು. ವಿಷಯ ತಿಳಿಸಿದ ಮೇಲೆ ಬಕೆಟ್ ಮುಚ್ಚಲಾಯಿತು. ಇಂಥ ಪ್ರಕರಣಗಳು ಪದೇ ಪದೇ ಆದ್ದರಿಂದಲೇ 2023ರ ಏಪ್ರಿಲ್‌ನಿಂದ ಅಮೆಜಾನ್ ಹೊಸ ಬಕೆಟ್‌ಗಳಿಗೆಲ್ಲ ಸಾರ್ವಜನಿಕ ಪ್ರವೇಶವನ್ನು ಆರಂಭದಲ್ಲೇ ತಡೆಹಿಡಿಯುತ್ತದೆ. ಯಾರಾದರೂ ಬೇಕೆಂದೇ ಆ ತಡೆ ತೆಗೆದರೆ ಮಾತ್ರ ತೆರೆಯುತ್ತದೆ. ಆ ತಡೆಯನ್ನು ನಾವು ತೆಗೆಯಬಾರದು, ಯಾವ ಅವಸರಕ್ಕೂ.

ಎರಡನೆಯದು, ಉದ್ದನೆಯ ಲಿಂಕನ್ನೇ ಬೀಗವೆಂದು ನಂಬುವುದು. ಗೂಗಲ್ ಡ್ರೈವ್‌ನಲ್ಲಿ 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆ ಇದೆಯಲ್ಲ, ನಮ್ಮ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸಲಹೆ ಅದೇ. ಆ ಲಿಂಕ್ ಊಹಿಸಲು ಕಷ್ಟ ನಿಜ. ಆದರೆ ಊಹಿಸುವ ಅಗತ್ಯವೇ ಇಲ್ಲ. ಲಿಂಕ್ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ, ಸರ್ವರ್‌ಗಳ ಲಾಗ್‌ನಲ್ಲಿ ಉಳಿಯುತ್ತದೆ. ನನ್ನ ಅಮ್ಮನ ರಕ್ತಪರೀಕ್ಷೆಯ ವರದಿ ಒಮ್ಮೆ ಎಸ್‌ಎಂಎಸ್‌ನಲ್ಲಿ ಲಿಂಕಾಗಿ ಬಂತು. ಯಾವ ಪ್ರಯೋಗಾಲಯ ಎಂದು ಹೇಳುವುದಿಲ್ಲ. ಸಿರುಗುಪ್ಪದಲ್ಲಿರುವ ಮಾವನಿಗೆ ತೋರಿಸಲೆಂದು ಅಮ್ಮ ಅದನ್ನು ಮನೆಮಂದಿಯ ಗುಂಪಿಗೆ ಹಾಕಿದರು, ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ. ಮೂರು ವರ್ಷದ ನಂತರವೂ ಆ ಲಿಂಕ್ ಒತ್ತಿದರೆ, ಯಾರು ನೀನು ಎಂದು ಕೇಳದೆ ವರದಿ ತೆರೆಯುತ್ತಿತ್ತು.

ಮೂರನೆಯದು, ಒಳಗೆ ಬಂದವರನ್ನೆಲ್ಲ ಒಂದೇ ಎಂದು ತಿಳಿಯುವುದು. ಲಾಗಿನ್ ಇಟ್ಟುಬಿಟ್ಟರೆ ಮುಗಿಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಲಾಗಿನ್ ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಎರಡನೆಯ ಪ್ರಶ್ನೆ ಬಿಟ್ಟುಹೋದರೆ, ನನ್ನ ದಾಖಲೆಯ ವಿಳಾಸದ ಕೊನೆಯಲ್ಲಿ 1204 ಎಂದಿದ್ದರೆ, ಅದನ್ನು 1205 ಮಾಡಿ ಪಕ್ಕದವರದ್ದನ್ನು ನೋಡಬಹುದು. 2019ರಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ದೊಡ್ಡ ಆಸ್ತಿ ದಾಖಲೆ ಮತ್ತು ವಿಮೆ ಕಂಪನಿಯ ಜಾಲತಾಣದಲ್ಲಿ ಸುಮಾರು 88.5 ಕೋಟಿ ದಾಖಲೆಗಳು ಹೀಗೆ, ವಿಳಾಸದ ಅಂಕಿ ಬದಲಿಸಿದರೆ ಕಾಣುವ ಸ್ಥಿತಿಯಲ್ಲಿದ್ದವು. ಅಲ್ಲಂತೂ ಮೊದಲ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ವೆಬ್ ಭದ್ರತೆಯ ಕೆಲಸ ಮಾಡುವ ಒವಾಸ್ಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಬಗೆಯ ದೋಷಕ್ಕೇ ಸಿಕ್ಕಿತು.

ನಮ್ಮ ದೇಶದ ಡಿಜಿಲಾಕರ್ 2015ರ ಜುಲೈನಲ್ಲಿ ಆರಂಭವಾಯಿತು. ಒಳ್ಳೆಯ ವ್ಯವಸ್ಥೆ, ನಾನೂ ಬಳಸುತ್ತೇನೆ. ಅದರಲ್ಲೂ 2020ರಲ್ಲಿ ಸಂಶೋಧಕರು ಒಂದು ದೋಷ ಕಂಡು ತಿಳಿಸಿದರು: ಓಟಿಪಿ ಸರಿಯಾಗಿದೆಯೇ ಎಂದು ನೋಡುತ್ತಿತ್ತು, ಅದು ಇದೇ ಬಳಕೆದಾರನ ಓಟಿಪಿಯೇ ಎಂದು ಬಿಗಿಯಾಗಿ ನೋಡುತ್ತಿರಲಿಲ್ಲ. ಅದನ್ನು ಸರಿಪಡಿಸಲಾಯಿತು. ಅಷ್ಟು ದೊಡ್ಡ ತಂಡಕ್ಕೂ ಆ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಗಂಟು ಹಾಕುವುದು ಸುಲಭವಲ್ಲ ಎಂದು ತಿಳಿಯಲಿ ಎಂದು ಇದನ್ನು ಹೇಳಿದೆ.

ಇಲ್ಲೇ ಮಕ್ಕಳಿಗೊಂದು ಮಾತು. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಶಾಲೆಯ ಪ್ರವೇಶ ಸಂಖ್ಯೆ, ಇವೆಲ್ಲ ಗುರುತಿನ ಸಂಖ್ಯೆಗಳು. ಸಾಲಾಗಿ ಬರುವ ಸಂಖ್ಯೆ ಪಕ್ಕದ ಬೆಂಚಿನವರಿಗೂ ಗೊತ್ತಿರುತ್ತದೆ. ಅದನ್ನು ಪಾಸ್‌ವರ್ಡ್ ಮಾಡಿಕೊಂಡ ವ್ಯವಸ್ಥೆ ಎಂದಿಗೂ ಗಟ್ಟಿಯಲ್ಲ.

ಸರಿಯಾದ ದಾರಿ

ಹಾಗಾದರೆ ಸರಿಯಾಗಿ ಕೊಡುವುದು ಹೇಗೆ? ಬಕೆಟ್ ಪೂರ್ತಿ ಮುಚ್ಚಿರುತ್ತದೆ. ಯಾವ ಕಡತ ಯಾರದು ಎಂಬ ಪಟ್ಟಿ ಅಪ್ಲಿಕೇಶನ್ನಿನ ಡೇಟಾಬೇಸ್‌ನಲ್ಲಿರುತ್ತದೆ. ಒಬ್ಬರು ಲಾಗಿನ್ ಆಗಿ ಕಡತ ಕೇಳುತ್ತಾರೆ. ಅಪ್ಲಿಕೇಶನ್ ಪಟ್ಟಿ ನೋಡುತ್ತದೆ. ಅವರದಲ್ಲದಿದ್ದರೆ 'ಸಿಗಲಿಲ್ಲ' ಎನ್ನುತ್ತದೆ. 'ಇದೆ, ಆದರೆ ಕೊಡುವುದಿಲ್ಲ' ಎಂದೂ ಹೇಳಬಾರದು, ಏಕೆಂದರೆ ಇಂಥವರು ಇಲ್ಲಿ ಓದಿದ್ದರು ಎನ್ನುವುದೇ ಕೆಲವೊಮ್ಮೆ ಒಂದು ಮಾಹಿತಿ. ಅವರದೇ ಆದರೆ ಕೊಡಲು ಎರಡು ವಿಧಾನಗಳಿವೆ.

ಒಂದು, ಗುಮಾಸ್ತರೇ ಒಳಗೆ ಹೋಗಿ ಕಡತ ತಂದು ಕೈಗೆ ಕೊಡುವುದು. ಅಂದರೆ ಅಪ್ಲಿಕೇಶನ್ ತಾನೇ ಬಕೆಟ್‌ನಿಂದ ಕಡತ ಓದಿ ಬಳಕೆದಾರನಿಗೆ ದಾಟಿಸುತ್ತದೆ. ಬಕೆಟ್ಟಿನ ವಿಳಾಸ ಹೊರಗೆ ಕಾಣುವುದೇ ಇಲ್ಲ. ಆದರೆ ಸಾವಿರಾರು ಜನ ಒಟ್ಟಿಗೆ ದೊಡ್ಡ ವಿಡಿಯೊ ಕೇಳಿದರೆ ಕೌಂಟರಿನ ಮುಂದೆ ಸಾಲು ನಿಲ್ಲುತ್ತದೆ.

ಇನ್ನೊಂದು, ಚೀಟಿ ಬರೆದುಕೊಡುವುದು. ಇದನ್ನು ಸಹಿ ಮಾಡಿದ ಲಿಂಕ್ ಎನ್ನೋಣ. ಮಧ್ಯಾಹ್ನ ಮನೆಗೆ ಹೋಗಬೇಕಾದ ಹುಡುಗನಿಗೆ ಗುರುಗಳು ಹೆಸರು, ದಿನಾಂಕ, ವೇಳೆ ಬರೆದು ಸಹಿ ಮಾಡಿ ಚೀಟಿ ಕೊಡುತ್ತಿದ್ದರಲ್ಲ, ಹಾಗೆ. ಯಾವ ಕಡತ, ನೋಡುವುದಕ್ಕೋ ಹಾಕುವುದಕ್ಕೋ, ಎಷ್ಟು ಹೊತ್ತಿನವರೆಗೆ ಎಂಬ ವಿವರಗಳನ್ನು ತೆಗೆದುಕೊಂಡು, ಸರ್ವರ್ ತನ್ನಲ್ಲಿರುವ ರಹಸ್ಯ ಕೀಲಿಯಿಂದ ಅವುಗಳಿಗೆ ಒಂದು ಗಣಿತದ ಸಹಿ ಹಾಕುತ್ತದೆ. ಎಸ್3ನಲ್ಲಿ ಆ ಗಣಿತದ ಹೆಸರು ಎಚ್‌ಮ್ಯಾಕ್ ಶಾ-256. ಚೀಟಿಯಲ್ಲಿ ಒಂದಕ್ಷರ ತಿದ್ದಿದರೂ, ಐದು ನಿಮಿಷವನ್ನು ಐವತ್ತು ಮಾಡಿದರೂ, ಸಹಿ ಹೊಂದುವುದಿಲ್ಲ. ಕೀಲಿ ಇಲ್ಲದೆ ಹೊಸ ಸಹಿ ಹಾಕಲು ಬರುವುದಿಲ್ಲ. ರೆಕಾರ್ಡ್ ರೂಮಿನ ಕಾವಲುಗಾರ ಚೀಟಿಯ ಸಹಿ ಮತ್ತು ವೇಳೆ ನೋಡಿ ಆ ಒಂದು ಕಡತವನ್ನು ನೇರವಾಗಿ ಕೊಡುತ್ತಾನೆ.

ಆದರೆ ಇದು ಬೇರರ್ ಚೆಕ್ ಇದ್ದ ಹಾಗೆ, ಯಾರ ಕೈಯಲ್ಲಿದೆಯೋ ಅವರಿಗೆ ಸಲ್ಲುತ್ತದೆ. ಕಾವಲುಗಾರ ಮುಖ ನೋಡುವುದಿಲ್ಲ. ಎಸ್3ನಲ್ಲಿ ಇಂಥ ಲಿಂಕಿಗೆ ಗರಿಷ್ಠ ಏಳು ದಿನದ ಆಯುಷ್ಯ ಕೊಡಬಹುದು. ಕೊಡಬಹುದು ಎಂದು ಕೊಡಬಾರದು. ಕಡತ ಇಳಿಯಲು ಒಂದೆರಡು ನಿಮಿಷ ಸಾಕಾದರೆ ಚೀಟಿಗೂ ಅಷ್ಟೇ ಆಯುಷ್ಯ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿ, ಅವರು ಊಟ ಮುಗಿಸಿ ತೆರೆಯುವ ಹೊತ್ತಿಗೆ ಅದು ಸತ್ತಿರಬೇಕು. ಅಮ್ಮನ ವರದಿಯ ಲಿಂಕಿಗೆ ಇಲ್ಲದೆ ಹೋದ ಗುಣ ಇದು.

ನನ್ನ ಅಭಿಪ್ರಾಯದಲ್ಲಿ ದಾಖಲಾತಿ ಪುಸ್ತಕದಂಥ ಸೂಕ್ಷ್ಮ ಕಡತಕ್ಕೆ ಮೊದಲ ವಿಧಾನ, ವಾರ್ಷಿಕೋತ್ಸವದ ವಿಡಿಯೊದಂಥ ದೊಡ್ಡ ಕಡತಕ್ಕೆ ಎರಡನೆಯ ವಿಧಾನ ಸೂಕ್ತ. ಎರಡರಲ್ಲೂ ಸಹಿಯ ಕೀಲಿ ಸರ್ವರಿನಲ್ಲೇ ಇರಬೇಕು. ಮೊಬೈಲ್ ಆ್ಯಪ್‌ನೊಳಗೆ ಅಥವಾ ಬ್ರೌಸರಿಗೆ ಹೋಗುವ ಪುಟದೊಳಗೆ ಕೀಲಿ ಬರೆದಿಟ್ಟರೆ, ಬೀರುವಿನ ಬೀಗದ ಕೈಯನ್ನು ಬೀರುವಿಗೇ ನೇತುಹಾಕಿದಂತೆ.

ಗುಮಾಸ್ತನಿಗೂ ಬೇಕಾದಷ್ಟೇ ಅಧಿಕಾರ ಇರಲಿ. ಕಡತ ತೋರಿಸುವ ಪ್ರೋಗ್ರಾಮಿಗೆ ಓದುವ ಅಧಿಕಾರ ಸಾಕು, ಅಳಿಸುವುದು ಬೇಡ. ಒಂದು ಬಕೆಟ್ ಸಾಕು, ಎಲ್ಲ ಬಕೆಟ್ ಬೇಡ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ನಡೆದದ್ದು ಇದೇ ಪಾಠ ಹೇಳುತ್ತದೆ. ಬಕೆಟ್ ಮುಚ್ಚಿಯೇ ಇತ್ತು. ಆದರೆ ಹೊರಗಿನ ಕೋರಿಕೆಗಳನ್ನು ಸೋಸಬೇಕಾದ ಒಂದು ಪ್ರೋಗ್ರಾಮಿನ ಹೊಂದಾಣಿಕೆ ತಪ್ಪಿತ್ತು, ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಧಿಕಾರವಿತ್ತು. ನುಗ್ಗಿದವರು ಆ ಅಧಿಕಾರವನ್ನೇ ಬಳಸಿದರು. ಅಮೆರಿಕದಲ್ಲಿ ಸುಮಾರು 10 ಕೋಟಿ, ಕೆನಡಾದಲ್ಲಿ ಸುಮಾರು 60 ಲಕ್ಷ ಜನರ ಮಾಹಿತಿ ಹೊರಬಿತ್ತು.

"ಕಡತವನ್ನು ಗೂಢಲಿಪಿಯಲ್ಲಿಟ್ಟರೆ ಸಾಲದೇ?" ಎಂದು ಕೆಲವರು ಕೇಳುತ್ತಾರೆ. ಎಸ್3 2023ರ ಜನವರಿಯಿಂದ ಎಲ್ಲ ಹೊಸ ಕಡತಗಳನ್ನೂ ತಾನಾಗಿ ಗೂಢಲಿಪಿಗೆ ಪರಿವರ್ತಿಸಿಯೇ ಇಡುತ್ತದೆ. ಕಟ್ಟಡದಿಂದ ಯಾರಾದರೂ ಡಿಸ್ಕ್ ಕದ್ದರೆ ಅದು ಕಾಪಾಡುತ್ತದೆ. ಕೌಂಟರಿನವನೇ ತಪ್ಪು ವ್ಯಕ್ತಿಗೆ ಕಡತ ಕೊಟ್ಟರೆ ಕಾಪಾಡುವುದಿಲ್ಲ, ಏಕೆಂದರೆ ಅವನಿಗೆ ಅದು ಬಿಚ್ಚಿದ ರೂಪದಲ್ಲೇ ಸಿಗುತ್ತದೆ.

ಇನ್ನು ಸಣ್ಣವಾದರೂ ಮರೆಯಬಾರದ ಕೆಲವು ಸಂಗತಿಗಳು. ಕಡತದ ಹೆಸರಿನಲ್ಲಿ ವಿದ್ಯಾರ್ಥಿಯ ಹೆಸರು, ಜಾತಿ, ವರ್ಷ ಬರೆಯಬೇಡಿ. ಅರ್ಥವಿಲ್ಲದ ಅಕ್ಷರಮಾಲೆ ಇರಲಿ, ಅರ್ಥ ಡೇಟಾಬೇಸ್‌ನಲ್ಲಿರಲಿ. ಯಾರು, ಯಾವಾಗ, ಯಾವ ಕಡತ ನೋಡಿದರು ಎಂಬ ವಹಿ ಬೇಕೇಬೇಕು. ಮೊದಲ ವಿಧಾನದಲ್ಲಿ ಈ ವಹಿ ಬರೆಯುವುದು ಸುಲಭ. ಬ್ರೌಸರಿಗೆ 'ಇದರ ಪ್ರತಿ ಉಳಿಸಿಕೊಳ್ಳಬೇಡ' ಎಂಬ ಸೂಚನೆಯನ್ನೂ ಕಡತದೊಂದಿಗೆ ಕಳಿಸಬೇಕು. ನಮ್ಮಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಎಷ್ಟೋ ಜನ ಕಡತ ತೆರೆಯುವುದು ಸ್ವಂತ ಕಂಪ್ಯೂಟರಿನಲ್ಲಲ್ಲ. ಬಳ್ಳಾರಿಯಲ್ಲೋ ಸಿರುಗುಪ್ಪದಲ್ಲೋ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಯಾವುದಾದರೂ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ 'ಡೌನ್‌ಲೋಡ್ಸ್' ತೆರೆದು ನೋಡಿ. ಊರಿನ ಅರ್ಧ ಮಕ್ಕಳ ಆಧಾರ್, ಅಂಕಪಟ್ಟಿ ಅಲ್ಲಿರುತ್ತವೆ. ಅಂಗಡಿಯವನ ದುರುದ್ದೇಶವಲ್ಲ, ಅಳಿಸಲು ಅವನಿಗೆ ಪುರುಸೊತ್ತಿಲ್ಲ. ಮಕ್ಕಳೇ, ಕೆಲಸ ಮುಗಿದ ಮೇಲೆ ಕಡತ ಅಳಿಸಿ, ಲಾಗೌಟ್ ಮಾಡಿಸಿಯೇ ಎದ್ದು ಬನ್ನಿ.

ನಮ್ಮ ಶಾಲೆಗೆ ನನ್ನ ಸಲಹೆ

ಈಗ ನಮ್ಮ ಮನೆಯ ವಿಷಯ. ನಾನು ಐದು ಸಲಹೆಗಳನ್ನು ಮುಂದಿಡುತ್ತೇನೆ.

ಒಂದು. ದಾಖಲೆಗಳನ್ನು ಮೊದಲೇ ಮೂರು ರಾಶಿ ಮಾಡಿ. ಎಲ್ಲರೂ ನೋಡುವಂಥವು, ಹಳೆಯ ವಿದ್ಯಾರ್ಥಿಗಳು ಮಾತ್ರ ನೋಡುವಂಥವು, ಸಂಬಂಧಪಟ್ಟವರೊಬ್ಬರೇ ನೋಡುವಂಥವು. ಮೂರಕ್ಕೂ ಬೇರೆ ಬೇರೆ ಬಕೆಟ್ ಇರಲಿ. ಅನುಮಾನ ಬಂದದ್ದನ್ನು ಮೂರನೆಯ ರಾಶಿಗೆ ಹಾಕಿ. ಈಗ ಓದುತ್ತಿರುವ ಮಕ್ಕಳ ಫೋಟೊ, ಫೋನ್ ನಂಬರ್ ಯಾವ ಕಾರಣಕ್ಕೂ ಮೊದಲ ರಾಶಿಗೆ ಹೋಗಬಾರದು.

ಎರಡು. ಇದು ಬಹಳ ಮುಖ್ಯ. ದಾಖಲಾತಿ ಪುಸ್ತಕದ ಒಂದು ಪುಟದಲ್ಲಿ ಇಪ್ಪತ್ತು ಮಕ್ಕಳ ಸಾಲುಗಳಿರುತ್ತವೆ. ಪುಟವನ್ನೇ ಒಂದು ಕಡತ ಮಾಡಿದರೆ, ನನ್ನ ಸಾಲು ನನಗೆ ತೋರಿಸಲು ಹೋಗಿ ಹತ್ತೊಂಬತ್ತು ಜನರ ಸಾಲನ್ನೂ ತೋರಿಸಿದಂತಾಗುತ್ತದೆ. ಎಂಥ ಒಳ್ಳೆಯ ಸಹಿ, ಎಂಥ ಒಳ್ಳೆಯ ಲಾಗಿನ್ ಇದ್ದರೂ ಇದನ್ನು ತಡೆಯಲಾರದು. ಆದ್ದರಿಂದ ಸ್ಕ್ಯಾನ್ ಮಾಡಿದ ಮೇಲೆ ಸಾಲು ಸಾಲಾಗಿ ಕತ್ತರಿಸಿ, ಒಬ್ಬರಿಗೆ ಒಂದು ಕಡತ ಮಾಡಬೇಕು. ಬೇಸರದ ಕೆಲಸ. ಐದು ಸಾವಿರ ಸಾಲು ಎಂದರೆ ನಮ್ಮ ಸಂಘದ ನಲವತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ನೂರಿಪ್ಪತ್ತೈದು. ಈ ಕೆಲಸವೂ ಶಾಲೆಯಲ್ಲೇ, ಗುರುಗಳ ಎದುರಿನಲ್ಲೇ ಆಗಲಿ. ಪೂರ್ತಿ ಪುಟದ ಚಿತ್ರಗಳು ಇಂಟರ್‌ನೆಟ್ ಸಂಪರ್ಕವಿಲ್ಲದ ಡಿಸ್ಕಿನಲ್ಲಿ ಮುಖ್ಯ ಗುರುಗಳ ಬೀರುವಿನಲ್ಲಿರಲಿ.

ಮೂರು. ಮೊದಲ ಪ್ರಶ್ನೆ, ಅಂದರೆ ಕೇಳುತ್ತಿರುವವರು ಯಾರು ಎನ್ನುವುದು, ನಮಗೆ ಕಷ್ಟದ್ದು. 1980ರ ಪುಸ್ತಕದಲ್ಲಿ ಮೊಬೈಲ್ ನಂಬರ್ ಇಲ್ಲ. ನಾನೇ ಇಂಥವನು ಎಂದು ಯಾರು ಬೇಕಾದರೂ ಹೇಳಬಹುದು. ಇದಕ್ಕೆ ಕಂಪ್ಯೂಟರಿಗಿಂತ ಮನುಷ್ಯರೇ ಮೇಲು. ಮೊದಲ ಸಲ ಒಮ್ಮೆ ಶಾಲೆಗೆ ಬಂದು, ಗುರುತಿನ ಚೀಟಿ ತೋರಿಸಿ, ಮೊಬೈಲ್ ನಂಬರ್ ನೋಂದಾಯಿಸಲಿ. ಜಾತ್ರೆಗೋ ಹಬ್ಬಕ್ಕೋ ಎಲ್ಲರೂ ಊರಿಗೆ ಬಂದೇ ಬರುತ್ತಾರೆ. ನಂತರ ಎಲ್ಲಿದ್ದರೂ ಅದೇ ನಂಬರಿನ ಓಟಿಪಿಯಿಂದ ತಮ್ಮ ಸಾಲು ನೋಡಲಿ. ನಂಬರ್ ಬದಲಾದರೆ ಮತ್ತೆ ಶಾಲೆಯ ಮೂಲಕವೇ ಬದಲಾಗಲಿ.

ನಾಲ್ಕು. ಕ್ಲೌಡ್ ಖಾತೆ ಯಾವ ಒಬ್ಬ ಹಳೆಯ ವಿದ್ಯಾರ್ಥಿಯ ಹೆಸರಿನಲ್ಲೂ ಇರಬಾರದು, ನನ್ನ ಹೆಸರಿನಲ್ಲೂ ಬೇಡ. ಇದು ಸರ್ಕಾರಿ ದಾಖಲೆ. ಮುಖ್ಯ ಗುರುಗಳು ಇಲಾಖೆಯ ಲಿಖಿತ ಒಪ್ಪಿಗೆ ಪಡೆದ ಮೇಲೆ, ಶಾಲೆಯ ಹೆಸರಿನಲ್ಲಿ ಖಾತೆ ತೆರೆಯಲಿ. ಕೀಲಿ ಇಬ್ಬರ ಬಳಿ ಇರಲಿ. ಗುರುಗಳು ವರ್ಗವಾದಾಗ ಬೀರುವಿನ ಕೀಲಿ ಹಸ್ತಾಂತರವಾಗುವಂತೆ ಇದೂ ಬರಹದಲ್ಲಿ ಹಸ್ತಾಂತರವಾಗಲಿ. ಇಲಾಖೆ ಬೇಡವೆಂದರೆ ಮೂರನೆಯ ರಾಶಿಯನ್ನು ಆನ್‌ಲೈನ್‌ಗೆ ಹಾಕುವುದೇ ಬೇಡ. ಸ್ಕ್ಯಾನ್ ಪ್ರತಿ ಶಾಲೆಯಲ್ಲೇ ಇದ್ದರೂ ಗೆದ್ದಲಿನಿಂದ ಉಳಿದಂತಾಯಿತಲ್ಲ.

ಐದು. ತೆಗೆದುಹಾಕಿ ಎಂದು ಯಾರಾದರೂ ಕೇಳಿದರೆ, ಕಾರಣ ಕೇಳದೆ ಅವರ ಸಾಲನ್ನು ಆನ್‌ಲೈನ್‌ನಿಂದ ತೆಗೆಯೋಣ. ಮೂಲ ಪುಸ್ತಕ ಶಾಲೆಯಲ್ಲಿ ಇದ್ದೇ ಇರುತ್ತದೆ.

ಇದೆಲ್ಲ ಬರೀ ಒಳ್ಳೆಯತನದ ಮಾತಲ್ಲ, ಕಾನೂನಿನ ಮಾತೂ ಹೌದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಎಂಬತ್ತು ದಾಟಿದ ವಯಸ್ಸಿನಲ್ಲಿ ಒಬ್ಬ ಕನ್ನಡಿಗರು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ ದೇಶಕ್ಕೆಲ್ಲ ಸಿಕ್ಕ ತೀರ್ಪು ಅದು. ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಮಾಹಿತಿ ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಹದಿನೆಂಟು ತುಂಬದವರನ್ನು ಅದು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಕಾವಲಿಟ್ಟಿದೆ.

ಈ ಶಾಲೆ ನಮ್ಮನ್ನು ಸೇರಿಸಿಕೊಂಡಾಗ ನಮ್ಮ ತಂದೆತಾಯಿ ಮನೆಯ ಎಲ್ಲ ಸಂಗತಿಯನ್ನೂ ಗುರುಗಳ ಮುಂದೆ ಹೇಳಿ ಬರೆಸಿದರು. ಓದು ಬಾರದವರು ಹೆಬ್ಬೆಟ್ಟು ಒತ್ತಿದರು. ಊರಿಗೆಲ್ಲ ತೋರಿಸಿ ಎಂದು ಅವರು ಹೇಳಿರಲಿಲ್ಲ. ಆ ಪುಸ್ತಕಗಳನ್ನು ಐವತ್ತು ವರ್ಷ ಕಾಪಾಡಿದ ಮುಖ್ಯ ಗುರುಗಳಿಗೆ, ಗುಮಾಸ್ತರಿಗೆ, ಬೀರುವಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದ ಜವಾನರಿಗೆ ನಾವೆಲ್ಲ ಋಣಿಗಳು.

ಸಂಘದ ಸಭೆ ಇಂದು ಸಂಜೆ ಇದೆ. ಈ ಐದು ಸಲಹೆಗಳನ್ನು ಅಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಅಪ್ಲಿಕೇಶನ್ ಬರೆಯುವ ಕೆಲಸವನ್ನು ನಾನು ಮತ್ತು ನನ್ನ ಸಹಪಾಠಿಗಳಿಬ್ಬರು ಉಚಿತವಾಗಿ ಮಾಡಿಕೊಡುತ್ತೇವೆ. ನಾವು ಬರೆದದ್ದನ್ನು ಇನ್ನೊಬ್ಬರು ಪರೀಕ್ಷೆ ಮಾಡದೆ ಬಳಕೆಗೆ ಬಿಡಬಾರದು ಎಂಬುದು ನಮ್ಮದೇ ಷರತ್ತು. ಸಾಲು ಕತ್ತರಿಸುವ ಕೆಲಸಕ್ಕೆ ಮಾತ್ರ ನಲವತ್ತು ಜನ ಬೇಕು. ಬರುವವರು ಸಭೆಯಲ್ಲಿ ಹೆಸರು ಕೊಡಿ.